ಕಾವೇರಿಯ ಬಯಲು ಮತ್ತು ಅಮೆರಿಕದ ಇತಿಹಾಸ: ಮಂಡ್ಯ, ಮದ್ದೂರು, ಮಳವಳ್ಳಿಗಳ ನಿದರ್ಶನದಿಂದ ಪರದೇಶವ್ಯಾಸಂಗದ ವಿಚಾರ

೧

ಪರದೇಶವೊಂದರ ಇತಿಹಾಸವನ್ನು ನಾವು ಏತಕ್ಕಾಗಿ ಓದಬೇಕು ಎಂಬ ಪ್ರಶ್ನೆಯನ್ನು ನಮ್ಮ ವಿದ್ಯಾರ್ಥಿಗಳು ಬಾಯಿಬಿಟ್ಟು ಕೇಳುವುದು ಅಪರೂಪ. ಆದರೆ ಅವರು ಬರೆಯುವ ಉತ್ತರಗಳಲ್ಲಿ ಆ ಪ್ರಶ್ನೆ ಅಡಗಿಯೇ ಇರುತ್ತದೆ. ೧೭೭೬ರಲ್ಲಿ ಸ್ವಾತಂತ್ರ್ಯ ಘೋಷಣೆ, ೧೭೮೭ರಲ್ಲಿ ಸಂವಿಧಾನದ ರಚನೆ, ೧೮೬೧ರಿಂದ ೧೮೬೫ರವರೆಗೆ ಅಂತರ್ಯುದ್ಧ, ೧೯೩೩ರಲ್ಲಿ ರೂಸ್‌ವೆಲ್ಟರ ನವಯೋಜನೆ: ಹೀಗೆ ಮಣಿಗಳಂತೆ ಪೋಣಿಸಿದ ವರ್ಷಗಳನ್ನು ಒಪ್ಪಿಸಿ ಅವರು ಅಮೆರಿಕದ ಇತಿಹಾಸದಿಂದ ಬಿಡುಗಡೆ ಪಡೆಯುತ್ತಾರೆ. ಆ ದೇಶಕ್ಕೂ ತಮ್ಮ ಊರಿನ ಗದ್ದೆಗೂ ಯಾವುದಾದರೊಂದು ಸಂಬಂಧವಿರಬಹುದೆಂಬ ಊಹೆಗೆ ಅವರ ಪಠ್ಯಪುಸ್ತಕ ಎಡೆಗೊಡುವುದಿಲ್ಲ.

ಅಮೆರಿಕದ ಇತಿಹಾಸ ಮತ್ತು ಸಂಸ್ಕೃತಿಗಳನ್ನು ವಿಶ್ವವಿದ್ಯಾನಿಲಯದಲ್ಲಿ ಕ್ರಮವಾಗಿ ಓದಿ, ನಡುವೆ ಒಂದು ವರ್ಷವನ್ನು ಆ ದೇಶದಲ್ಲಿಯೇ ಕಳೆದು ಬರುವುದು ಯೂರೋಪಿನ ಹಲವು ವಿದ್ಯಾಪೀಠಗಳಲ್ಲಿ ರೂಢಿಯಾಗಿರುವ ಪದ್ಧತಿ. ನಮ್ಮಲ್ಲಿ ಅಂತಹ ವ್ಯವಸ್ಥೆ ಪೂರ್ಣರೂಪದಲ್ಲಿ ಬೇರೂರಲಿಲ್ಲ. ಆದರೂ ಬಿಡಿಬಿಡಿಯಾಗಿ ಅದರ ಅಂಗಗಳೆಲ್ಲ ನಮ್ಮಲ್ಲಿ ಕಾಣಿಸಿಕೊಂಡಿವೆ: ವಿದ್ಯಾರ್ಥಿವೇತನ ಪಡೆದು ಹೋದವರುಂಟು, ಅಮೆರಿಕನ್ ಅಧ್ಯಯನಕ್ಕೆಂದೇ ಸ್ಥಾಪಿಸಿದ ಗ್ರಂಥಾಲಯವಿತ್ತು, ಅಲ್ಲಿಯ ವಿಶ್ವವಿದ್ಯಾನಿಲಯಗಳೊಡನೆ ನಮ್ಮ ವಿಶ್ವವಿದ್ಯಾನಿಲಯಗಳು ಮಾಡಿಕೊಂಡ ಒಡಂಬಡಿಕೆಗಳುಂಟು. ಈ ಅಂಗಗಳನ್ನು ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ನೆರೆಯ ತಾಲ್ಲೂಕುಗಳ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ನಾಡಿನ ನೀರು, ವಿದ್ಯುತ್ತು, ಬೇಸಾಯ, ರಾಜಕಾರಣ ಇವುಗಳಲ್ಲಿ ಅಮೆರಿಕದ ಇತಿಹಾಸ ಆಗಲೇ ಬೆರೆತುಕೊಂಡಿದೆ. ಆದುದರಿಂದ ಅದನ್ನು ಅರಿಯದೆ ನಮ್ಮ ಇತಿಹಾಸವನ್ನೂ ಪೂರ್ಣವಾಗಿ ಅರಿಯಲಾರೆವು, ಮತ್ತು ಪರದೇಶದಲ್ಲಿ ಕಳೆಯುವ ಒಂದು ವರ್ಷ ಫಲಕಾರಿಯಾಗಬೇಕಾದರೆ ವಿದ್ಯಾರ್ಥಿ ತನ್ನ ಊರಿನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದೇ ಹೊರಡಬೇಕು ಎಂಬುದು ನಮ್ಮ ಪ್ರತಿಪಾದನೆ.

೨

ಅಮೆರಿಕವು ಈ ಭಾಗಕ್ಕೆ ಮೊದಲು ಪುಸ್ತಕದ ರೂಪದಲ್ಲಿ ಬರಲಿಲ್ಲ. ಯಂತ್ರದ ರೂಪದಲ್ಲಿ ಬಂದಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಒದಗಿಸುವ ಯೋಜನೆ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ ಆರಂಭವಾಯಿತು. ಯೋಜನೆಯನ್ನು ರೂಪಿಸಿದ ಜಾಲಿ ದ ಲಾಟ್‌ಬಿನಿಯೇರ್ ಕೆನಡಾದಲ್ಲಿ ಹುಟ್ಟಿದವರು. ಬ್ರಿಟಿಷ್ ಸೈನ್ಯದ ಇಂಜಿನಿಯರಾಗಿದ್ದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದವರು. ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನಿಂದ ಬಂದವು. ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ ಒದಗಿಸಿತು. ೧೯೦೨ರ ಜೂನ್ ತಿಂಗಳಲ್ಲಿ ಸುಮಾರು ೯೨ ಮೈಲಿ ದೂರದ ತಂತಿಯ ಮೂಲಕ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಜಗತ್ತಿನ ಅತಿ ದೀರ್ಘವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯಂತ್ರಗಳ ಜೊತೆಗೆ ಅಮೆರಿಕದ ತಜ್ಞರೂ ಬಂದರು. ಅವರಲ್ಲೊಬ್ಬರಾದ ಎಚ್. ಪಿ. ಗಿಬ್ಸ್ ಸಂಸ್ಥಾನದ ವಿದ್ಯುತ್ ಇಲಾಖೆಯ ಮುಖ್ಯ ಇಂಜಿನಿಯರ್ ಹುದ್ದೆಯನ್ನು ವಹಿಸಿಕೊಂಡರು.

ಇಲ್ಲಿ ಇತಿಹಾಸಕಾರನ ಗಮನಕ್ಕೆ ಬರಬೇಕಾದ ಅಂಶ ಒಂದುಂಟು. ಬ್ರಿಟಿಷ್ ಚಕ್ರಾಧಿಪತ್ಯದ ನೆರಳಿನಲ್ಲಿದ್ದ ಸಂಸ್ಥಾನವೊಂದು ತನ್ನ ಅತ್ಯಂತ ಮಹತ್ತ್ವದ ಕಾರ್ಯಕ್ಕೆ ಬ್ರಿಟನ್ನಿನ ಆಚೆಗೆ ದೃಷ್ಟಿ ಹಾಯಿಸಿತು. ವಿದ್ಯುತ್ತಿನ ದೂರಸಾಗಣೆಯಲ್ಲಿ ಆಗ ಅಮೆರಿಕ ಮುಂದಿದ್ದಿತೆಂಬುದೇ ಅದಕ್ಕೆ ಕಾರಣ. ನಯಾಗರದ ಜಲಪಾತದಿಂದ ಬಫಲೋ ನಗರಕ್ಕೆ ವಿದ್ಯುತ್ತು ಹರಿದದ್ದು ೧೮೯೬ರಲ್ಲಿ. ಆರು ವರ್ಷಗಳೊಳಗಾಗಿ ಅದೇ ವಿದ್ಯೆ ಮಳವಳ್ಳಿಯ ಸೀಮೆಗೆ ಬಂದಿತ್ತು. ಆದರೆ ಆ ವಿದ್ಯುತ್ತು ಜಲಪಾತದ ಸುತ್ತಲಿನ ಹಳ್ಳಿಗಳ ಮೇಲಿಂದ ಹಾದು ಗಣಿಗಳಿಗೆ ಹೋಯಿತು. ಮೊದಲ ಬೆಳಕು ಊರಿನವರದಾಗಲಿಲ್ಲ. ಅಮೆರಿಕದಲ್ಲಿಯೂ ಗ್ರಾಮಾಂತರಕ್ಕೆ ವಿದ್ಯುತ್ತು ಬಹಳ ತಡವಾಗಿಯೇ ತಲುಪಿತು. ಗ್ರಾಮೀಣ ವಿದ್ಯುದೀಕರಣದ ಆಡಳಿತ ಸಂಸ್ಥೆ ಅಲ್ಲಿ ಏರ್ಪಟ್ಟದ್ದು ೧೯೩೫ರಲ್ಲಿ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ವಿದ್ಯಾರ್ಥಿಗೆ ಅಮೆರಿಕ ಸಂಪತ್ತಿನ ದೇಶವೆಂಬ ಸಾಮಾನ್ಯ ಚಿತ್ರ ಸಾಲದಾಗುತ್ತದೆ. ಯಾರ ಸಂಪತ್ತು, ಯಾವಾಗ, ಯಾರಿಗೆ ತಲುಪಿತು ಎಂಬ ನಿಜವಾದ ಪ್ರಶ್ನೆ ಆಗ ಹುಟ್ಟುತ್ತದೆ.

ಯಂತ್ರದ ಬಳಿಕ ವಿದ್ಯಾವ್ಯವಸ್ಥೆಯ ಮಾದರಿ ಬಂದಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಗುವ ಮೊದಲು ಸಿ. ಆರ್. ರೆಡ್ಡಿ ಮತ್ತು ಥಾಮಸ್ ಡೆನ್‌ಹ್ಯಾಮ್ ಪರದೇಶಗಳ ಉನ್ನತ ಶಿಕ್ಷಣವನ್ನು ಅಭ್ಯಾಸಮಾಡಿ ವರದಿಗಳನ್ನು ಒಪ್ಪಿಸಿದ್ದರು. ಸ್ವತಂತ್ರ ಸಂಶೋಧನೆಗೆ ಷಿಕಾಗೋ, ವಿದ್ಯೆಯನ್ನು ಜನಸಾಮಾನ್ಯರಲ್ಲಿ ಹರಡುವುದಕ್ಕೆ ವಿಸ್ಕಾನ್‌ಸಿನ್, ಸಾರ್ವಜನಿಕ ಜೀವನಕ್ಕೆ ಬೇಕಾದ ಶಿಕ್ಷಣಕ್ಕೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಆದರ್ಶವಾಗಿ ನಿಂತವು. ಮುಂದೆ ನಮ್ಮ ವಿಶ್ವವಿದ್ಯಾನಿಲಯ ಊರೂರುಗಳಲ್ಲಿ ಏರ್ಪಡಿಸಿದ ಕನ್ನಡದ ಪ್ರಚಾರೋಪನ್ಯಾಸಗಳೂ, ಅಗ್ಗದ ಬೆಲೆಗೆ ಹೊರತಂದ ಕಿರುಹೊತ್ತಗೆಗಳೂ ಆ ವಿಸ್ಕಾನ್‌ಸಿನ್ ಭಾವನೆಗೆ ಹತ್ತಿರವಾದವು. ಚಿಕ್ಕ ಪೇಟೆಯ ಸಭಾಂಗಣದಲ್ಲಿ ಕುಳಿತು ಪ್ರಾಧ್ಯಾಪಕರ ಉಪನ್ಯಾಸ ಕೇಳಿದ ರೈತನಿಗೆ ಅದರ ಒಂದು ಬೇರು ಅಮೆರಿಕದ ಗೋಧಿಯ ಬಯಲಿನಲ್ಲಿದೆ ಎಂಬುದು ತಿಳಿದಿರಲಾರದು.

೩

ವಿದ್ಯಾರ್ಥಿಗಳು ಹೋಗಿಬರುವುದಕ್ಕೆ ಕ್ರಮಬದ್ಧವಾದ ದಾರಿ ತೆರೆದದ್ದು ಎರಡನೆಯ ಮಹಾಯುದ್ಧದ ನಂತರ. ಆರ್ಕನ್ಸಾ ಸಂಸ್ಥಾನದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಮಂಡಿಸಿದ ಶಾಸನ ೧೯೪೬ರ ಆಗಸ್ಟ್ ತಿಂಗಳಲ್ಲಿ ಜಾರಿಗೆ ಬಂದಿತು. ಯುದ್ಧದಲ್ಲಿ ಮಿಕ್ಕ ಸಾಮಗ್ರಿಗಳನ್ನು ಹೊರದೇಶಗಳಲ್ಲಿ ಮಾರಿ ಬಂದ ಹಣವನ್ನು ವಿದ್ಯಾರ್ಥಿಗಳ ವಿನಿಮಯಕ್ಕೆ ಬಳಸಬೇಕೆಂಬುದು ಅದರ ತಿರುಳು. ಭಾರತದೊಡನೆ ಒಪ್ಪಂದವಾದದ್ದು ೧೯೫೦ರ ಫೆಬ್ರವರಿ ೨ರಂದು. ಆ ಒಪ್ಪಂದದಂತೆ ಭಾರತದಲ್ಲಿ ಅಮೆರಿಕದ ಶಿಕ್ಷಣ ಪ್ರತಿಷ್ಠಾನ ಸ್ಥಾಪಿತವಾಯಿತು. ೧೯೫೧ರಲ್ಲಿ ನಮ್ಮ ಕ್ಷಾಮಪರಿಹಾರಕ್ಕಾಗಿ ಅಮೆರಿಕ ೧೯ ಕೋಟಿ ಡಾಲರುಗಳ ಗೋಧಿಸಾಲವನ್ನು ಕೊಟ್ಟಿತು. ಅದರ ಬಡ್ಡಿಯ ಒಂದು ಭಾಗ, ಐವತ್ತು ಲಕ್ಷ ಡಾಲರುಗಳವರೆಗೆ, ಪುಸ್ತಕಗಳಿಗೂ ವಿದ್ವಾಂಸರ ವಿನಿಮಯಕ್ಕೂ ಮೀಸಲಾಯಿತು. ೧೯೫೪ರ ಸಾರ್ವಜನಿಕ ಶಾಸನ ೪೮೦ರ ಮೇರೆಗೆ ಬಂದ ಧಾನ್ಯಕ್ಕೆ ಭಾರತ ರೂಪಾಯಿಗಳಲ್ಲಿ ಬೆಲೆ ತೆತ್ತಿತು. ಆ ರೂಪಾಯಿಗಳ ಒಂದು ಪಾಲೂ ವಿದ್ಯೆಯ ಕಡೆಗೆ ಹರಿಯಿತು. ೧೯೬೪ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆವರಣದಲ್ಲಿ ಆರಂಭವಾದ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರ ದಕ್ಷಿಣದ ಸಂಶೋಧಕರಿಗೆಲ್ಲ ಆಶ್ರಯವಾಯಿತು. ಕಾಲಕ್ರಮದಲ್ಲಿ ಅದರ ಹೆಸರೂ ಸ್ವರೂಪವೂ ಬದಲಾದವು. ೨೦೦೮ರ ಹೊಸ ಒಪ್ಪಂದದಿಂದ ಭಾರತ ಸರ್ಕಾರವೂ ವೆಚ್ಚದಲ್ಲಿ ಸಮಭಾಗಿಯಾಗಿ, ವೇತನಗಳು ಫುಲ್‌ಬ್ರೈಟ್-ನೆಹರೂ ಎಂಬ ಹೆಸರನ್ನು ಪಡೆದವು.

ಈ ಔದಾರ್ಯದ ಹಿಂದೆ ರಾಜಕಾರಣವಿರಲಿಲ್ಲವೆಂದು ಹೇಳುವುದು ಇತಿಹಾಸಜ್ಞನಿಗೆ ಒಪ್ಪುವ ಮಾತಲ್ಲ. ಸೋವಿಯತ್ ಒಕ್ಕೂಟದೊಡನೆ ಸ್ಪರ್ಧೆ ನಡೆಯುತ್ತಿದ್ದ ಕಾಲ ಅದು. ಹೊಸದಾಗಿ ಸ್ವತಂತ್ರವಾದ ರಾಷ್ಟ್ರಗಳ ತರುಣರ ಮನಸ್ಸನ್ನು ಒಲಿಸಿಕೊಳ್ಳಬೇಕೆಂಬ ಬಯಕೆ ಎರಡು ಪಕ್ಷಗಳಿಗೂ ಇತ್ತು. ಆದರೆ ಕೊಡುವವನ ಉದ್ದೇಶವೊಂದೇ ಪಡೆದವನ ಫಲವನ್ನು ನಿರ್ಣಯಿಸಲಾರದು. ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ೧೯೫೯ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದರು; ಮುಂದೆ ಷಿಕಾಗೋದಲ್ಲಿ ಪ್ರಾಧ್ಯಾಪಕರಾದರು; ೧೯೭೩ರಲ್ಲಿ ನಮ್ಮ ವಚನಗಳ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿ ಅವುಗಳಿಗೆ ಜಗತ್ತಿನ ವಾಚಕರನ್ನು ದೊರಕಿಸಿದರು. ಅವರನ್ನು ಕಳುಹಿಸಿದ ಯೋಜನೆಯ ಯಾವ ಕಡತದಲ್ಲಿಯೂ ಈ ಫಲವನ್ನು ಮುಂಗಂಡಿರಲಾರರು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಅಮೆರಿಕನ್ ಅಧ್ಯಯನ ನಮ್ಮಲ್ಲಿ ಹೆಚ್ಚಾಗಿ ಇಂಗ್ಲಿಷ್ ಸಾಹಿತ್ಯ ವಿಭಾಗಗಳ ಪೋಷಣೆಯಲ್ಲಿ ಬೆಳೆಯಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಸಿ. ಡಿ. ನರಸಿಂಹಯ್ಯನವರು ಬ್ರಿಟನ್ನಿನ ಸಾಹಿತ್ಯವೊಂದನ್ನೇ ಓದುತ್ತಿದ್ದ ತರಗತಿಗಳಲ್ಲಿ ಅಮೆರಿಕದ ಬರಹಗಾರರಿಗೆ ಸ್ಥಾನ ಕಲ್ಪಿಸಿದರು. ಇತಿಹಾಸ ವಿಭಾಗಗಳು ಆ ವೇಗವನ್ನು ತೋರಲಿಲ್ಲ. ಹೀಗಾಗಿ ಎಮರ್ಸನ್, ಥೋರೋ, ವಿಟ್‌ಮನ್ ಎಂಬ ಹೆಸರುಗಳು ನಮಗೆ ಆತ್ಮೀಯವಾದವು. ಅಮೆರಿಕದ ರೈತ, ಕಾಲುವೆ, ನ್ಯಾಯಾಲಯ, ಗುಲಾಮನ ಮೊಮ್ಮಗ ಇವರು ದೂರವೇ ಉಳಿದರು.

೪

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ೧೯೩೨ರ ಮೇ ೧ರಂದು ಜನಿಸಿದ ಎಸ್. ಎಂ. ಕೃಷ್ಣ ಅವರದು ಈ ಭಾಗದ ಪರದೇಶವ್ಯಾಸಂಗದ ಅತ್ಯಂತ ಪ್ರಸಿದ್ಧ ನಿದರ್ಶನ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೂ ಬೆಂಗಳೂರಿನ ಸರ್ಕಾರಿ ಲಾ ಕಾಲೇಜಿನಲ್ಲಿಯೂ ಓದಿ ಅವರು ಅಮೆರಿಕಕ್ಕೆ ತೆರಳಿದರು. ಟೆಕ್ಸಾಸ್ ಸಂಸ್ಥಾನದ ಡಲ್ಲಾಸಿನಲ್ಲಿರುವ ಸದರ್ನ್ ಮೆಥಾಡಿಸ್ಟ್ ವಿಶ್ವವಿದ್ಯಾನಿಲಯದಲ್ಲಿಯೂ, ಬಳಿಕ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ವಾಷಿಂಗ್‌ಟನ್ನಿನ ಜಾರ್ಜ್ ವಾಷಿಂಗ್‌ಟನ್ ವಿಶ್ವವಿದ್ಯಾನಿಲಯದಲ್ಲಿಯೂ ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡಿದರು. ೧೯೬೦ರ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ ಕೆನಡಿಯವರ ಪರವಾದ ಪ್ರಚಾರದಲ್ಲಿ ಅವರು ಭಾಗವಹಿಸಿದ್ದರೆಂಬುದೂ, ಕೆನಡಿಯವರು ಅವರಿಗೆ ಕೃತಜ್ಞತೆಯ ಪತ್ರ ಬರೆದಿದ್ದರೆಂಬುದೂ ಸುವಿದಿತ. ಸ್ವದೇಶಕ್ಕೆ ಮರಳಿ ಬೆಂಗಳೂರಿನಲ್ಲಿ ನ್ಯಾಯಶಾಸ್ತ್ರದ ಅಧ್ಯಾಪಕರಾಗಿದ್ದ ಅವರು ೧೯೬೨ರ ಚುನಾವಣೆಯಲ್ಲಿ ಮದ್ದೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ಗೆದ್ದರು. ೧೯೯೯ರಿಂದ ೨೦೦೪ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿ, ೨೦೦೯ರಿಂದ ೨೦೧೨ರವರೆಗೆ ಭಾರತದ ವಿದೇಶಾಂಗ ಸಚಿವರಾಗಿ ಕೆಲಸಮಾಡಿದ ಅವರು ೨೦೨೪ರ ಡಿಸೆಂಬರ್ ೧೦ರಂದು ನಿಧನರಾದರು.

ಅಮೆರಿಕದ ಚುನಾವಣೆಯನ್ನು ಕಂಡುದರಿಂದಲೇ ಮದ್ದೂರಿನ ಚುನಾವಣೆಯನ್ನು ಗೆದ್ದರೆಂದು ಹೇಳುವುದು ಕಾರ್ಯಕಾರಣಗಳ ವಿಚಾರದಲ್ಲಿ ಅವಸರವಾದೀತು. ಮದ್ದೂರಿಗೆ ತನ್ನದೇ ಆದ ರಾಜಕೀಯ ಪಾಠಶಾಲೆಯಿತ್ತು. ಅದೇ ಊರಿನ ಸಮೀಪದ ಶಿವಪುರದಲ್ಲಿ ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದು, ಸರ್ಕಾರದ ನಿಷೇಧವನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಗಿತ್ತು. ಆ ಧ್ವಜಸತ್ಯಾಗ್ರಹದ ವಿಚಾರಪರಂಪರೆಯಲ್ಲಿಯೂ ಒಂದು ಎಳೆ ಅಮೆರಿಕದ್ದೆಂಬುದು ಗಮನಾರ್ಹ. ಅನ್ಯಾಯದ ಶಾಸನಕ್ಕೆ ತಲೆಬಾಗಲಾಗದೆಂದು ಥೋರೋ ಬರೆದ ಪ್ರಬಂಧ ೧೮೪೯ರಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧೀಜಿಯವರಿಗೆ ಅದು ತಮ್ಮ ಮಾರ್ಗಕ್ಕೆ ದೊರೆತ ಬೆಂಬಲವಾಗಿ ಕಂಡಿತು. ಗಾಂಧೀಮಾರ್ಗ ಶಿವಪುರದಂತಹ ನೂರಾರು ಊರುಗಳನ್ನು ಹಾದು, ೧೯೫೫ರಲ್ಲಿ ಮಾಂಟ್‌ಗಾಮರಿಯ ನೀಗ್ರೋ ಜನರ ಬಸ್ ಬಹಿಷ್ಕಾರದ ಮೂಲಕ ಅಮೆರಿಕಕ್ಕೇ ಮರಳಿತು.

ಹಾಗಾದರೆ ಅಲ್ಲಿ ವಾಸಿಸುವುದರಿಂದ ದೊರೆಯುವ ಲಾಭವೇನು? ಪುಸ್ತಕದಲ್ಲಿ ಬೇರೆಬೇರೆ ಅಧ್ಯಾಯಗಳಾಗಿರುವ ಸಂಗತಿಗಳು ಜೀವನದಲ್ಲಿ ಒಂದೇ ದಿನ, ಒಂದೇ ಬೀದಿಯಲ್ಲಿ ನಡೆಯುತ್ತವೆ ಎಂಬ ಅರಿವು ಅದರಿಂದ ಬರುತ್ತದೆ. ೧೯೬೦ ಕೆನಡಿಯವರ ಚುನಾವಣೆಯ ವರ್ಷ. ಅದೇ ವರ್ಷದ ಫೆಬ್ರವರಿ ೧ರಂದು ಗ್ರೀನ್ಸ್‌ಬರೋ ನಗರದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ತಮಗೆ ನಿಷೇಧಿಸಿದ್ದ ಉಪಾಹಾರದ ಕಟ್ಟೆಯಲ್ಲಿ ಕುಳಿತು ಮೇಲೇಳಲು ನಿರಾಕರಿಸಿದರು. ಮತದಾನದ ಉತ್ಸವವನ್ನೂ ಆ ಕಟ್ಟೆಯ ಅವಮಾನವನ್ನೂ ಒಟ್ಟಿಗೆ ಕಂಡವನಿಗೆ ಅಮೆರಿಕದ ಪ್ರಜಾಪ್ರಭುತ್ವದ ಬಗೆಗೆ ಕುರುಡು ಭಕ್ತಿಯೂ ಬಾರದು, ಅಗ್ಗದ ತಿರಸ್ಕಾರವೂ ಬಾರದು. ಕೆರೆಯ ನೀರು, ಬಾವಿಯ ನೀರು, ದೇವಸ್ಥಾನದ ಬಾಗಿಲು ಇವುಗಳಲ್ಲಿ ಯಾರಿಗೆ ಪ್ರವೇಶ, ಯಾರಿಗಿಲ್ಲ ಎಂಬುದನ್ನು ಬಾಲ್ಯದಿಂದ ಬಲ್ಲ ನಮ್ಮ ಹಳ್ಳಿಯ ವಿದ್ಯಾರ್ಥಿ ಆ ದೃಶ್ಯವನ್ನು ಇತರರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲನು. ಮಿಲ್ಲರ್ ಸಮಿತಿಯ ೧೯೧೯ರ ವರದಿಯಿಂದ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಸೇವೆಯಲ್ಲಿ ಪಾಲು ಕೊಡುವ ವಿಚಾರವನ್ನು ಎತ್ತಿಕೊಂಡ ಸಂಸ್ಥಾನದಿಂದ ಹೋದ ವಿದ್ಯಾರ್ಥಿ, ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ೧೯೫೪ರಲ್ಲಿ ಕೊಟ್ಟ ತೀರ್ಪನ್ನು ಓದುವಾಗ ಬರಿಯ ಶ್ರೋತೃವಾಗಿರಬೇಕಾಗಿಲ್ಲ. ಅವನಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ, ಹೇಳಬೇಕಾದ ಸಂಗತಿಗಳೂ ಇವೆ.

೫

ಮಂಡ್ಯದ ಕಥೆ ಕಾಲುವೆಯಿಂದ ಆರಂಭವಾಗುತ್ತದೆ. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡ ಎರಡು ದಶಕಗಳ ಕಾಲ ನಡೆಯಿತು. ಅದರ ಎಡದಂಡೆಯಿಂದ ಹೊರಟ ಇರ್ವಿನ್ ನಾಲೆ, ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದುದು, ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ನೀರನ್ನು ತಂದಿತು. ರಾಗಿಯ ಹೊಲಗಳಲ್ಲಿ ಬತ್ತವೂ ಕಬ್ಬೂ ಬೆಳೆದವು. ಕೆನಡಾದಿಂದ ಬಂದು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ ೧೯೩೩ರಲ್ಲಿ ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ೧೯೩೯ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು.

ಅಮೆರಿಕದ ಟೆನೆಸೀ ಕಣಿವೆಯ ಪ್ರಾಧಿಕಾರವನ್ನು ನದೀಯೋಜನೆಗಳ ಮೂಲಮಾದರಿಯೆಂದು ನಮ್ಮ ಪಠ್ಯಗಳು ಬಣ್ಣಿಸುತ್ತವೆ. ೧೯೪೮ರ ದಾಮೋದರ ಕಣಿವೆ ನಿಗಮದ ಮಟ್ಟಿಗೆ ಆ ಮಾತು ನಿಜ. ಆದರೆ ಟೆನೆಸೀಯ ಶಾಸನವಾದದ್ದು ೧೯೩೩ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಕನ್ನಂಬಾಡಿಯ ಕಟ್ಟೆ ನಿಂತಿತ್ತು. ವರ್ಷಗಳನ್ನು ಕಂಠಪಾಠಮಾಡುವ ವಿದ್ಯಾರ್ಥಿ ಈ ಎರಡು ವರ್ಷಗಳನ್ನು ಹೋಲಿಸಿ ನೋಡಿದ್ದರೆ ಯಾರು ಯಾರಿಗೆ ಮಾದರಿ ಎಂಬ ವಿಚಾರದಲ್ಲಿ ಜಾಗರೂಕನಾಗುತ್ತಿದ್ದನು. ೧೯೬೪ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಅದಕ್ಕೆ ನೆರವಾದದ್ದು ಟೆನೆಸೀ ವಿಶ್ವವಿದ್ಯಾನಿಲಯವೇ. ೧೯೩೧ರಲ್ಲಿ ಆರಂಭವಾಗಿದ್ದ ಮಂಡ್ಯದ ನಾಲಾ ಕೃಷಿಕ್ಷೇತ್ರ ಆಗ ಆ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿತು. ಟೆನೆಸೀಯಂತಹ ವಿಶ್ವವಿದ್ಯಾನಿಲಯಗಳು ೧೮೬೨ರಲ್ಲಿ ಲಿಂಕನ್ ಸಹಿಮಾಡಿದ ಮೊರಿಲ್ ಶಾಸನದ ಭೂದಾನದಿಂದ ಬೆಳೆದವು. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರನ್ನೂ ಒಂದೇ ಸೂರಿನಡಿ ತರುವುದು ಅವುಗಳ ತತ್ತ್ವ. ಅದೇ ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳ ಚೌಕಟ್ಟಾಯಿತು.

ನಮ್ಮವರು ಅಲ್ಲಿಗೆ ಹೋಗಿ ವಿದ್ಯೆ ಕಲಿತರು. ಹೊರಗಿನವರು ಇಲ್ಲಿಗೆ ಬಂದು ನಮ್ಮನ್ನೇ ಕಲಿತರು. ಈ ವ್ಯತ್ಯಾಸ ಸಣ್ಣದಲ್ಲ. ವಿಯೆನ್ನಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಸ್ಕಾರ್ಲೆಟ್ ಎಪ್‌ಸ್ಟೈನ್ ೧೯೫೪ರಿಂದ ೧೯೫೬ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ವಾಸಿಸಿ, ಅವುಗಳಿಗೆ ವಂಗಲ ಮತ್ತು ದಲೇನ ಎಂಬ ಕಲ್ಪಿತ ನಾಮಗಳನ್ನಿಟ್ಟು, ೧೯೬೨ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ನಾಲೆಯ ನೀರು ದೊರೆತ ಹಳ್ಳಿ ಬೇಸಾಯದಲ್ಲಿಯೇ ಸಮೃದ್ಧವಾಗಿ ಹಳೆಯ ಸಾಮಾಜಿಕ ಸಂಬಂಧಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ನೀರು ಹತ್ತದ ಎತ್ತರದ ಹಳ್ಳಿಯ ಜನ ಹೊರಗಿನ ಉದ್ಯೋಗ ವ್ಯಾಪಾರಗಳಿಗೆ ಕೈಹಾಕಿ ಹೆಚ್ಚು ಬದಲಾದರು ಎಂಬುದು ಅವರ ನಿರ್ಣಯ. ೧೯೭೦ರಲ್ಲಿ ಅವರು ಮರಳಿ ಬಂದು ಅದೇ ಹಳ್ಳಿಗಳನ್ನು ಮತ್ತೆ ನೋಡಿದರು. ಅಮೆರಿಕದ ಅಲನ್ ಬೀಲ್ಸ್ ಬೆಂಗಳೂರಿನ ಸಮೀಪದ ಹಳ್ಳಿಯೊಂದನ್ನು ಅಭ್ಯಾಸಮಾಡಿದರು. ಜೇಮ್ಸ್ ಮೇನರ್ ೧೯೧೭ರಿಂದ ೧೯೫೫ರವರೆಗಿನ ಮೈಸೂರಿನ ರಾಜಕೀಯ ಇತಿಹಾಸವನ್ನು ೧೯೭೭ರಲ್ಲಿ ಹೊರತಂದರು. ೧೯೬೨ರಿಂದ ಮೊದಲ್ಗೊಂಡು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಧಾನ್ಯದ ರೂಪಾಯಿಗಳಿಂದಲೇ ಕನ್ನಡ ಪುಸ್ತಕಗಳನ್ನೂ ಕೊಂಡು ಅಲ್ಲಿಯ ವಿಶ್ವವಿದ್ಯಾನಿಲಯಗಳಿಗೆ ಹಂಚಿತು.

ಇದಕ್ಕೆ ಪ್ರತಿಯಾಗಿ ಅಮೆರಿಕದ ಒಂದು ಹಳ್ಳಿಯನ್ನೋ ಕಾಲುವೆಯನ್ನೋ ಕುರಿತು ಮಂಡ್ಯದ ಸೀಮೆಯಿಂದ ಹೋದ ವಿದ್ಯಾರ್ಥಿಯೊಬ್ಬನು ಎರಡು ವರ್ಷ ಅಲ್ಲಿ ನೆಲೆಸಿ ಬರೆದ ಗ್ರಂಥವೆಲ್ಲಿ? ನಾವು ಅಲ್ಲಿಂದ ಕಾನೂನು, ಕೃಷಿ, ಯಂತ್ರವಿದ್ಯೆ, ವೈದ್ಯ ಇವುಗಳನ್ನು ತಂದೆವು; ಆ ಸಮಾಜವನ್ನೇ ಅಧ್ಯಯನದ ವಸ್ತುವನ್ನಾಗಿ ಕಂಡುದು ವಿರಳ. ಜಗತ್ತು ನಮ್ಮನ್ನು ನೋಡಿ ಬರೆಯಿತು. ನಾವು ಜಗತ್ತಿನಲ್ಲಿ ಪರೀಕ್ಷೆ ಬರೆದು ಬಂದೆವು.

೬

ಈ ಕೊರತೆ ವಿದ್ವತ್ತಿನ ಲೋಕದ ವಿಷಾದ ಮಾತ್ರವಾಗಿದ್ದರೆ ಇಷ್ಟು ಒತ್ತಿ ಹೇಳಬೇಕಾದ ಅಗತ್ಯವಿರಲಿಲ್ಲ. ಆದರೆ ಇದರಲ್ಲಿ ರೈತನ ಗದ್ದೆಯ ನೀರೇ ಅಡಗಿದೆ. ಕಾವೇರಿಯ ಬಗೆಗೆ ಮೈಸೂರಿಗೂ ಮದ್ರಾಸಿಗೂ ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಒಪ್ಪಂದಗಳಾದವು. ವಿವಾದ ಮುಂದುವರಿದು ೧೯೯೦ರ ಜೂನ್ ತಿಂಗಳಲ್ಲಿ ನ್ಯಾಯಾಧಿಕರಣ ರಚಿತವಾಯಿತು. ಅದರ ೨೦೦೭ರ ಅಂತಿಮ ತೀರ್ಪು ಕರ್ನಾಟಕಕ್ಕೆ ೨೭೦ ಟಿ.ಎಂ.ಸಿ. ಅಡಿ ನೀರನ್ನು ನಿಗದಿಮಾಡಿತು. ಭಾರತದ ಸರ್ವೋಚ್ಚ ನ್ಯಾಯಾಲಯ ೨೦೧೮ರ ಫೆಬ್ರವರಿ ೧೬ರಂದು ಅದನ್ನು ೨೮೪.೭೫ ಟಿ.ಎಂ.ಸಿ. ಅಡಿಗೆ ಏರಿಸಿತು. ಈ ವಿಚಾರಣೆಗಳ ಉದ್ದಕ್ಕೂ ಒಂದು ತತ್ತ್ವ ಕೇಂದ್ರಸ್ಥಾನದಲ್ಲಿ ನಿಂತಿತು: ನದಿಯ ನೀರು ಮೇಲಿನ ಸಂಸ್ಥಾನದ ಸ್ವತ್ತೂ ಅಲ್ಲ, ಕೆಳಗಿನದರ ಸ್ವತ್ತೂ ಅಲ್ಲ, ಅದನ್ನು ನ್ಯಾಯಸಮ್ಮತವಾಗಿ ಹಂಚಿಕೊಳ್ಳಬೇಕು.

ಈ ತತ್ತ್ವಕ್ಕೆ ಒಂದು ಜನ್ಮಸ್ಥಳವುಂಟು. ಅಮೆರಿಕದ ಆರ್ಕನ್ಸಾ ನದಿಯ ನೀರನ್ನು ಮೇಲಿನ ಕೊಲರಾಡೋ ಸಂಸ್ಥಾನ ನೀರಾವರಿಗೆ ತಿರುಗಿಸಿಕೊಂಡಿತೆಂದು ಕೆಳಗಿನ ಕ್ಯಾನ್ಸಸ್ ದೂರಿತು. ೧೯೦೭ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸಂಸ್ಥಾನಗಳೆಲ್ಲ ಸಮಾನವೆಂದೂ, ಹಂಚಿಕೆ ನ್ಯಾಯಸಮ್ಮತವಾಗಿರಬೇಕೆಂದೂ ಸಾರಿತು; 

ಆದರೆ ಆ ಸಂದರ್ಭದಲ್ಲಿ ಕ್ಯಾನ್ಸಸ್ಸಿನ ಬೇಡಿಕೆಯನ್ನು ಒಪ್ಪದೆ, ಮುಂದೆ ಹಾನಿ ಹೆಚ್ಚಾದರೆ ಮರಳಿ ಬರಬಹುದೆಂದು ತಿಳಿಸಿತು. ಇದಕ್ಕೆ ವಿರುದ್ಧವಾದ ವಾದವೂ ಅಮೆರಿಕದಲ್ಲಿಯೇ ಹುಟ್ಟಿದ್ದು: ತನ್ನ ಗಡಿಯೊಳಗಿನ ನೀರಿನ ಮೇಲೆ ತನ್ನದೇ ಪೂರ್ಣಾಧಿಕಾರವೆಂದು ೧೮೯೫ರಲ್ಲಿ ಅಟಾರ್ನಿ ಜನರಲ್ ಹಾರ್ಮನ್ ಮೆಕ್ಸಿಕೋದೊಡನೆಯ ವಿವಾದದಲ್ಲಿ ಅಭಿಪ್ರಾಯಪಟ್ಟಿದ್ದರು. ನಮ್ಮ ನ್ಯಾಯಪೀಠಗಳು ಹಾರ್ಮನ್ ವಾದವನ್ನು ತಿರಸ್ಕರಿಸಿ ಮೊದಲಿನದನ್ನು ಸ್ವೀಕರಿಸಿವೆ. ಅಂದಮೇಲೆ ಮದ್ದೂರಿನ ಕೊನೆಯ ತೂಬಿಗೆ ಎಷ್ಟು ನೀರು ಎಂಬ ನಿರ್ಣಯದಲ್ಲಿ ಅಮೆರಿಕದ ಪಶ್ಚಿಮ ಬಯಲಿನ ಇತಿಹಾಸ ಕೆಲಸಮಾಡಿದೆ. ವಾಷಿಂಗ್‌ಟನ್ನಿನಲ್ಲಿ ಕಾನೂನು ಓದಿದ ಸೋಮನಹಳ್ಳಿಯ ವಿದ್ಯಾರ್ಥಿಯೇ ನಾಲ್ಕು ದಶಕಗಳ ಬಳಿಕ ಮುಖ್ಯಮಂತ್ರಿಯಾಗಿ, ೨೦೦೨ರ ಮಳೆಯಿಲ್ಲದ ವರ್ಷದಲ್ಲಿ, ಒಂದು ಕಡೆ ಸರ್ವೋಚ್ಚ ನ್ಯಾಯಾಲಯಕ್ಕೂ ಇನ್ನೊಂದು ಕಡೆ ಮಂಡ್ಯದ ರೈತರಿಗೂ ಉತ್ತರ ಹೇಳಬೇಕಾಗಿ ಬಂದು ಪಾದಯಾತ್ರೆ ಕೈಗೊಂಡುದು ಇತಿಹಾಸ ಒಡ್ಡಿದ ಕಠಿನ ಪರೀಕ್ಷೆಯೇ ಸರಿ.

ಮಳೆ ಕೈಕೊಟ್ಟ ವರ್ಷದಲ್ಲಿ ಹಂಚಿಕೆ ಹೇಗೆ ಎಂಬುದೇ ಕಾವೇರಿಯ ಬಗೆಹರಿಯದ ಗಂಟು. ಇಲ್ಲಿಯೂ ಅಮೆರಿಕದ ಇತಿಹಾಸ ಒಂದು ಎಚ್ಚರಿಕೆಯನ್ನು ಕೊಡುತ್ತದೆ. ೧೯೨೨ರಲ್ಲಿ ಏಳು ಸಂಸ್ಥಾನಗಳ ಪ್ರತಿನಿಧಿಗಳು ಕೊಲರಾಡೋ ನದಿಯನ್ನು ಹಂಚಿಕೊಂಡರು. ಮೇಲಿನ ಭಾಗಕ್ಕೆ ವರ್ಷಕ್ಕೆ ೭೫ ಲಕ್ಷ ಎಕರೆ ಅಡಿ, ಕೆಳಗಿನದಕ್ಕೂ ಅಷ್ಟೇ. ಅವರ ಕೈಯಲ್ಲಿದ್ದ ಅಳತೆಗಳು ಮಳೆ ಹೆಚ್ಚಾಗಿದ್ದ ವರ್ಷಗಳವು. ನದಿಯಲ್ಲಿ ನಿಜವಾಗಿ ಹರಿಯುವುದಕ್ಕಿಂತ ಹೆಚ್ಚು ನೀರನ್ನು ಕಾಗದದ ಮೇಲೆ ಹಂಚಿದ್ದರ ಫಲವನ್ನು ಆ ಸಂಸ್ಥಾನಗಳು ಇಂದಿಗೂ ಅನುಭವಿಸುತ್ತಿವೆ. ಅಲ್ಲಿಯ ಮೂಲನಿವಾಸಿಗಳನ್ನು ಆ ಸಭೆಗೆ ಕರೆದಿರಲೂ ಇಲ್ಲ. ಹಂಚಿಕೆಯ ಪೀಠದಲ್ಲಿ ಯಾರು ಕುಳಿತಿದ್ದರು, ಯಾವ ವರ್ಷಗಳ ಅಳತೆಯನ್ನು ನಂಬಿದರು ಎಂಬ ಪ್ರಶ್ನೆಗಳನ್ನು ಕೊಲರಾಡೋದಲ್ಲಿ ಕೇಳಲು ಕಲಿತವನು ಕಾವೇರಿಯ ೧೯೨೪ರ ಒಪ್ಪಂದವನ್ನೂ ಹೊಸ ಕಣ್ಣಿನಿಂದ ಓದಬಲ್ಲನು.

೭

ಕಾವೇರಿಯ ಇತಿಹಾಸವೇ ಪೂರ್ತಿಯಾಗಿ ಬರೆದಾಗಿಲ್ಲದಿರುವಾಗ ಕೊಲರಾಡೋದ ಗೊಡವೆ ಏಕೆ ಎಂದು ಕೇಳುವವರುಂಟು. ಆ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಎರಡು ಕೆಲಸಗಳೂ ಬೇರೆಬೇರೆಯಲ್ಲವೆಂಬುದನ್ನು ಮೇಲಿನ ವಿವೇಚನೆ ತೋರಿಸಿದೆ. ಹೆಚ್ಚು ಗಂಭೀರವಾದ ಆಕ್ಷೇಪ ಮತ್ತೊಂದುಂಟು. ಪರದೇಶವ್ಯಾಸಂಗ ಇಂದಿಗೂ ಇಂಗ್ಲಿಷ್ ಬಲ್ಲವರ, ಹಣವುಳ್ಳವರ, ನಗರದಲ್ಲಿ ಓದಿದವರ ಪಾಲಾಗಿಯೇ ಇರುವುದು ಹೆಚ್ಚು. ನಾಲೆಯ ಕೊನೆಯಂಚಿನ ಊರಿನಿಂದ ಕಾಲೇಜಿಗೆ ಬರುವ ಹುಡುಗಿಗೆ ವಿದ್ಯಾರ್ಥಿವೇತನದ ಹೆಸರೇ ತಿಳಿಯದೆ ಹೋಗುತ್ತದೆ. ನೀರಿನ ಪ್ರಶ್ನೆಯನ್ನು ಬಲ್ಲವಳು ಆಕೆ; ಹೊರಡುವವರು ಬೇರೆಯವರು. ಪ್ರಶ್ನೆಯೊಂದು ಕಡೆ, ಅವಕಾಶವೊಂದು ಕಡೆ ಇರುವವರೆಗೆ ನಮ್ಮ ವಿದ್ವತ್ತು ಅರೆಯಾಗಿಯೇ ಉಳಿಯುತ್ತದೆ.

ಆದುದರಿಂದ ಇತಿಹಾಸ ವಿಭಾಗಗಳು ಮಾಡಬಹುದಾದ ಕಾರ್ಯ ಮೂರು ಬಗೆಯದು. ಮೊದಲನೆಯದಾಗಿ, ಅಮೆರಿಕದ ಇತಿಹಾಸದ ಪತ್ರಿಕೆಯನ್ನು ಅಧ್ಯಕ್ಷರ ಸರಣಿಯಾಗಿ ಬೋಧಿಸುವುದನ್ನು ಬಿಟ್ಟು, ನೀರು, ಭೂಮಿ, ವರ್ಣ, ಶಿಕ್ಷಣ ಎಂಬ ವಿಷಯಗಳ ಮೂಲಕ ನಮ್ಮ ಜಿಲ್ಲೆಗಳೊಡನೆ ಹೋಲಿಸಿ ಬೋಧಿಸಬೇಕು. ಎರಡನೆಯದಾಗಿ, ಹೊರಡುವ ವಿದ್ಯಾರ್ಥಿ ಮೊದಲು ಕೆಲವು ತಿಂಗಳು ತನ್ನ ತಾಲ್ಲೂಕಿನ ಕಚೇರಿಯ ಕಡತಗಳಲ್ಲಿ, ನಾಲೆಯ ದಂಡೆಯಲ್ಲಿ, ಹಿರಿಯರ ನೆನಪುಗಳಲ್ಲಿ ತನ್ನ ಪ್ರಶ್ನೆಯನ್ನು ಗಟ್ಟಿಮಾಡಿಕೊಳ್ಳಬೇಕು. ಅಲ್ಲಿ ತಲುಪಿದ ಮೇಲೆ ಉಪನ್ಯಾಸಮಂದಿರಕ್ಕೆ ಅಂಟಿಕೊಳ್ಳದೆ ಪತ್ರಾಗಾರ, ನ್ಯಾಯಾಲಯ, ರೈತರ ಸಭೆ ಇವುಗಳನ್ನು ನೋಡಬೇಕು. ಮೂರನೆಯದಾಗಿ, ಮರಳಿ ಬಂದು ಕಂಡುದನ್ನು ಕನ್ನಡದಲ್ಲಿ ಬರೆಯಬೇಕು. ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಪದವಿಯನ್ನು ತಂದೀತು. ಕನ್ನಡದಲ್ಲಿ ಬರೆದುದು ಮಾತ್ರ ನಾಲಾ ಬಳಕೆದಾರರ ಸಭೆಯಲ್ಲಿ ಚರ್ಚೆಗೆ ಬಂದೀತು.

ನಾಲೆಯ ನೀರು ಯಾವ ತತ್ತ್ವದಿಂದ ತಮಗೆ ಅಷ್ಟೇ ದೊರೆಯಿತು ಎಂಬುದನ್ನು ತಿಳಿಯುವ ಹಕ್ಕು ಈ ಮೂರು ತಾಲ್ಲೂಕುಗಳ ಜನರಿಗಿದೆ. ಅದನ್ನು ತಿಳಿಸುವ ಹೊಣೆ ನಮ್ಮ ವಿಶ್ವವಿದ್ಯಾನಿಲಯಗಳದು. ಅದಕ್ಕಾಗಿ ಒಬ್ಬ ವಿದ್ಯಾರ್ಥಿ ಒಂದು ವರ್ಷ ದೂರದೇಶದಲ್ಲಿ ಕಳೆಯಬೇಕಾಗಿ ಬಂದರೆ ಆ ವರ್ಷದ ವೆಚ್ಚ ದುಬಾರಿಯೆನಿಸದು.